ಅಣ್ಣ ಕೊರೆದ ಕಾರ್ಡುಗಳು

ಅಣ್ಣ ಬೊಂಬಾಯಿಯಿಂದ ಬಂದ ದಿನ ಅವನ ತಗಡಿನ ಪೆಟ್ಟಿಗೆಯಲ್ಲಿ ಎರಡು ಅಂಗಿ, ಒಂದು ಪಂಚೆ ಬಿಟ್ಟರೆ ಉಳಿದದ್ದೆಲ್ಲ ರಟ್ಟು. ಗೇಣಿಗಿಂತ ಸ್ವಲ್ಪ ಉದ್ದ, ಮೂರು ಬೆರಳು ಅಗಲದ ಪಟ್ಟಿಗಳು. ಒಂದೊಂದರಲ್ಲೂ ಸಾಲುಸಾಲಾಗಿ ಸಣ್ಣ ತೂತುಗಳು. ಪಟ್ಟಿಗಳನ್ನು ಅಂಚಿನಲ್ಲಿ ದಾರ ಹಾಕಿ ಒಂದಕ್ಕೊಂದು ಹೊಲಿದು, ಮಡಚಿ ಕಟ್ಟಿದ್ದ. ಅಮ್ಮ ಪೆಟ್ಟಿಗೆಯ ತಳದವರೆಗೂ ಕೈಯಾಡಿಸಿ ನೋಡಿದಳು.

"ಇದೆಂತದು ಮಗಾ, ಅಷ್ಟು ದೂರದಿಂದ ಇದನ್ನು ಹೊತ್ತುಕೊಂಡು ಬಂದದ್ದಾ?"

"ಅದು ಸೀರೆ ಅಮ್ಮ," ಅಂದ ಅಣ್ಣ. "ಇನ್ನು ನೇಯ್ಲಿಕ್ಕುಂಟು, ಅಷ್ಟೆ."

ಹೇಳಿ ನಗಲು ಹೋದವನಿಗೆ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ಅವನು ಜಗಲಿಯ ಕಂಬ ಹಿಡಿದು ಬಗ್ಗಿದ. ಮಗ್ಗದಲ್ಲಿದ್ದ ಅಪ್ಪ ಕೂತಲ್ಲಿಂದಲೇ ಅವನನ್ನು ನೋಡಿದರು. ಲಾಳಿ ಅವರ ಕೈಯಲ್ಲೇ ಇತ್ತು.

ನಮ್ಮದು ಕಾಪುವಿನಲ್ಲಿ ನೇಕಾರರ ಮನೆ. ಮುಂದಿನ ಉದ್ದ ಜಗಲಿಯಲ್ಲಿ ಎರಡು ಗುಂಡಿಮಗ್ಗಗಳಿದ್ದವು, ನೆಲದಲ್ಲಿ ತೋಡಿದ ಗುಂಡಿಗೆ ಕಾಲಿಳಿಸಿ ಕೂತು ನೇಯುವಂಥವು. ಅಪ್ಪ ಚೌಕುಳಿಯ ಸೀರೆ, ಮೈ ಒರಸುವ ಪಾಣಿಪಂಚೆ ನೇಯುತ್ತಿದ್ದರು. ಉಡುಪಿಯಲ್ಲಿದ್ದ ನೇಕಾರರ ಸೊಸೈಟಿ ನೂಲು ಕೊಟ್ಟು ಬಟ್ಟೆ ಒಯ್ಯುತ್ತಿತ್ತು. ಅಣ್ಣ ನನಗಿಂತ ಏಳು ವರ್ಷ ದೊಡ್ಡವನು. ಹದಿನೆಂಟು ತುಂಬುತ್ತಲೇ ಬೊಂಬಾಯಿಗೆ ಹೋಗಿ ಒಂದು ಬಟ್ಟೆ ಮಿಲ್ಲಿನಲ್ಲಿ ಕಾರ್ಡು ಕೊರೆಯುವ ಕೆಲಸ ಹಿಡಿದಿದ್ದ.

ಕಾರ್ಡು ಎಂದರೆ ಮಗ್ಗಕ್ಕೆ ಚಿತ್ತಾರ ಹೇಳಿಕೊಡುವ ರಟ್ಟು. ಮಗ್ಗದ ಮೇಲೆ ಜಕಾರ್ಡ್ ಎಂಬ ಕಬ್ಬಿಣದ ಪೆಟ್ಟಿಗೆ ಕೂರಿಸಿರುತ್ತಾರೆ. ಅದರೊಳಗೆ ಸೂಜಿಗಳ ಸಾಲು. ಒಂದೊಂದು ಸೂಜಿಗೆ ಒಂದೊಂದು ಕೊಕ್ಕೆ. ಕೊಕ್ಕೆಯಿಂದ ಇಳಿದ ದಾರ ಕೆಳಗೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗೆ ಕಟ್ಟಿರುತ್ತದೆ. ಒಮ್ಮೆ ಮೆಟ್ಟಿದರೆ ಒಂದು ಕಾರ್ಡು ಬಂದು ಸೂಜಿಗಳ ಎದುರು ನಿಲ್ಲುತ್ತದೆ. ತೂತು ಇದ್ದಲ್ಲಿ ಸೂಜಿ ಒಳಹೊಕ್ಕು ಅದರ ಎಳೆ ಮೇಲೇಳುತ್ತದೆ. ತೂತಿಲ್ಲದಲ್ಲಿ ಎಳೆ ಮಲಗಿಯೇ ಇರುತ್ತದೆ. ಎದ್ದ ಎಳೆಗಳ ಅಡಿಯಿಂದ ಲಾಳಿ ಹಾಯುತ್ತದೆ. ಹೀಗೆ ನೂರಾರು ಕಾರ್ಡುಗಳು ಒಂದರ ಹಿಂದೆ ಒಂದು ಬಂದುಹೋದರೆ ಬಟ್ಟೆಯಲ್ಲಿ ಹೂವೋ ಹಕ್ಕಿಯೋ ಮೂಡುತ್ತದೆ. ಚಿತ್ತಾರ ಏನೆಂದು ನೇಯುವವನಿಗೆ ಗೊತ್ತಿರಬೇಕೆಂದೇನೂ ಇಲ್ಲ.

ಸೊಸೈಟಿಯವರು ನಮ್ಮ ಒಂದು ಮಗ್ಗಕ್ಕೂ ಜಕಾರ್ಡ್ ಕೂರಿಸಿಕೊಟ್ಟಿದ್ದಾರೆ ಎಂದು ಅಣ್ಣನಿಗೆ ಕಾಗದ ಬರೆದವಳು ನಾನೇ. ಅವನಿಗೆ ಆಸೆ ಹುಟ್ಟಿತು. ಮಿಲ್ಲಿನಲ್ಲಿ ದಿನದ ಕೆಲಸ ಮುಗಿದ ಮೇಲೆ, ಬಿಸಾಡಿದ ರಟ್ಟು ಆಯ್ದು, ಅಪ್ಪ ನೇಯಲೆಂದು ಒಂದು ಸೀರೆಯಂಚು ಕೊರೆಯತೊಡಗಿದ. ಜಕಾರ್ಡಿಗೆ ಎಷ್ಟು ಸೂಜಿ ಎಂದು ನಾನು ಕಾಗದದಲ್ಲಿ ಬರೆದಿರಲಿಲ್ಲ. ಅದು ಬರೆಯಬೇಕಾದ ವಿಷಯ ಎಂದು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಮತ್ತು ಅಣ್ಣ ಸೇರಿ ಕಾರ್ಡಿನ ಸರವನ್ನು ನಮ್ಮ ಜಕಾರ್ಡಿಗೆ ಏರಿಸಿದರು. ಅಪ್ಪ ಮೆಟ್ಟಿದರು. ಮೇಲೆ ಪೆಟ್ಟಿಗೆ ಕಟಕ್ಕೆಂದಿತು. ಒಂದು ಎಳೆಯೂ ಏಳಲಿಲ್ಲ. ಮತ್ತೊಮ್ಮೆ ಮೆಟ್ಟಿದರು. ಎಲ್ಲೋ ಎರಡು ಎಳೆ ಎದ್ದವು, ಅದೂ ಏಳಬಾರದ ಜಾಗದಲ್ಲಿ. ಅಣ್ಣ ಸ್ಟೂಲು ಹತ್ತಿ ನೋಡಿದ. ಮಿಲ್ಲಿನ ಯಂತ್ರಕ್ಕೆ ಇನ್ನೂರು ಸೂಜಿ, ಒತ್ತೊತ್ತಾಗಿ. ನಮ್ಮದಕ್ಕೆ ನೂರೇ, ಅವೂ ದೂರ ದೂರ. ಅವನ ತೂತುಗಳು ನಮ್ಮ ಸೂಜಿಗಳಿಗೆ ಸಿಗುತ್ತಲೇ ಇರಲಿಲ್ಲ. ಸೂಜಿಗಳೆಲ್ಲ ಬರೀ ರಟ್ಟಿಗೆ ತಲೆ ಕೊಟ್ಟು ನಿಂತಿದ್ದವು.

"ಅಲ್ಲಿಗೆ ಮಾಡಿದ್ದು ಇಲ್ಲಿಗೆ ಆಗ್ಲಿಕ್ಕಿಲ್ಲ," ಅಂದರು ಅಪ್ಪ. "ಬಿಡು. ಮೊದಲು ಆ ಕೆಮ್ಮಿಗೆ ಡಾಕ್ಟರಿಗೆ ತೋರಿಸುವ."

ಉಡುಪಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಹೊರಗೆ ಬಂದು ಅಪ್ಪನಿಗೆ, "ಒಂದು ವರ್ಷ ಮೊದಲೇ ಬರ್ಬೇಕಿತ್ತು," ಅಂದರಂತೆ. ಇಂಜೆಕ್ಷನ್ ಬರೆದುಕೊಟ್ಟರು. ಕಾಪುವಿನ ಕಂಪೌಂಡರು ಸೈಕಲ್ಲಿನಲ್ಲಿ ಬಂದು ಅದನ್ನು ಚುಚ್ಚುತ್ತಿದ್ದ. ಅಣ್ಣನ ತಟ್ಟೆ, ಲೋಟ, ಚಾಪೆ ಬೇರೆಯಾದವು. ಹಿಂದಿನ ಜಗಲಿ ಅವನದಾಯಿತು. ಕ್ಷಯ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ. ರಜೆ ಹಾಕಿ ಬಂದಿದ್ದಾನೆ, ಮೈಗೆ ಸ್ವಲ್ಪ ಸರಿಯಿಲ್ಲ ಎಂದು ಅಮ್ಮ ಬಾವಿಕಟ್ಟೆಯಲ್ಲಿ ಹೇಳುತ್ತಿದ್ದಳು.

ಹದಿನೈದು ದಿನ ಮಲಗಿದ ಮೇಲೆ ಅಣ್ಣ ನನ್ನನ್ನು ಕರೆದ.

"ತಂಗಿ, ಒಂದು ಉಪಾಯ ಉಂಟು. ನಮ್ಮ ಜಕಾರ್ಡಿನ ಒಂದು ಕೊಕ್ಕೆಗೆ ಎರಡು ಎಳೆ ಕಟ್ಟುವ. ಅಂಚಿನ ಎಡಬದಿಗೊಂದು, ಬಲಬದಿಗೊಂದು. ಆಗ ನನ್ನ ಕಾರ್ಡಿನಲ್ಲಿ ಅರ್ಧ ಮಾತ್ರ ಓದಿದರೆ ಸಾಕು. ಇನ್ನರ್ಧ ಕನ್ನಡಿಯಲ್ಲಿ ಕಂಡ ಹಾಗೆ ತಾನೇ ಬರ್ತದೆ. ನಾನು ಓದ್ತೇನೆ, ನೀನು ನಮ್ಮ ಅಳತೆಗೆ ಹೊಸ ಕಾರ್ಡು ಕೊರೆ."

"ಎಷ್ಟು ಕಾರ್ಡು?"

"ಮುನ್ನೂರ ಅರವತ್ತು."

ನನಗೆ ಆಗ ಹದಿನೆಂಟು. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು, ಗಂಜಿ ಹಾಕುವುದು, ಹಾಸು ಹೂಡುವುದು ಎಲ್ಲ ಬರುತ್ತಿತ್ತು, ಇದು ಬರುತ್ತಿರಲಿಲ್ಲ. ಸೊಸೈಟಿಯ ಮೇಸ್ತ್ರಿಯ ಹತ್ತಿರ ಅಪ್ಪ ನಮ್ಮ ಜಕಾರ್ಡಿನ ಅಳತೆಯ ತೂತಿನ ತಗಡು ಮತ್ತು ಉಳಿ ಕೇಳಿ ತಂದರು. ಪುಸ್ತಕ ಕಟ್ಟುವವರಲ್ಲಿ ಸಿಗುವ ರಟ್ಟು ತರಿಸಿ ಪಟ್ಟಿ ಕತ್ತರಿಸಿದೆವು. ಮಧ್ಯಾಹ್ನ ಊಟವಾದ ಮೇಲೆ ಸಂಜೆಯ ಬೆಳಕು ಇರುವಷ್ಟು ಹೊತ್ತು ನಾವು ಕೂರುತ್ತಿದ್ದೆವು. ಅವನು ಚಾಪೆಯಲ್ಲಿ ಗೋಡೆಗೆ ಒರಗಿ, ನಾನು ಡಾಕ್ಟರು ಹೇಳಿದ ಹಾಗೆ ಆರು ಮೊಳ ದೂರ, ಗಾಳಿ ಬರುವ ಬದಿಯಲ್ಲಿ.

ಅವನು ಕಾರ್ಡನ್ನು ಬೆಳಕಿಗೆ ಹಿಡಿದು ಓದುತ್ತಿದ್ದ. "ಉಂಟು. ಉಂಟು. ಇಲ್ಲ. ಉಂಟು. ಇಲ್ಲ. ಇಲ್ಲ." ನಾನು ಚೌಕುಳಿ ಕಾಗದದಲ್ಲಿ ಉಂಟು ಎಂದದ್ದಕ್ಕೆ ಚುಕ್ಕೆ ಹಾಕುವುದು, ಒಂದು ಕಾರ್ಡು ಮುಗಿದ ಮೇಲೆ ತಗಡು ಇಟ್ಟು ಉಳಿ ಹೊಡೆಯುವುದು. ದಿನಕ್ಕೆ ಮೂರು ಕಾರ್ಡು, ಬಹಳ ಆದರೆ ನಾಲ್ಕು. ಅವನ ಕಾರ್ಡುಗಳ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನಿಂದ ತಿಂಗಳ ಹೆಸರಿತ್ತು, ಯಾವುದನ್ನು ಯಾವಾಗ ಕೊರೆದದ್ದೆಂದು. ಬರೆದಷ್ಟೂ ಕಾಗದದಲ್ಲಿ ಚಿತ್ತಾರ ಕಾಣಿಸತೊಡಗಿತು. ಮೊದಲು ನೀರಿನ ಗೆರೆ, ಅದರ ಮೇಲೆ ಕೊಕ್ಕರೆ. ಅಣ್ಣ ಕೊರೆದದ್ದರಲ್ಲಿ ಕೊಕ್ಕರೆಗಳು ಒಂದರ ಹಿಂದೆ ಒಂದು ಹಾರುತ್ತಿದ್ದವು. ಅರ್ಧ ಓದಿ ಕನ್ನಡಿ ಮಾಡಿದ್ದರಿಂದ ನಮ್ಮಲ್ಲಿ ಅವು ಕೊಕ್ಕಿಗೆ ಕೊಕ್ಕು ಕೊಟ್ಟು ಎದುರುಬದುರಾದವು.

ಅಪ್ಪ ಬಂದು ನೋಡಿದರು. "ಜಗಳ ಮಾಡಿದ ಹಾಗೆ ಉಂಟಲ್ಲ ಮಾರಾಯ."

"ಇದ್ದ ಯಂತ್ರದಲ್ಲಿ ಅಷ್ಟೇ ಆಗುವುದು ಅಪ್ಪ," ಅಂದ ಅಣ್ಣ. ಅವನಿಗೆ ಬೇಸರವಾದದ್ದು ಕಂಡಿತು.

ಮಳೆಗಾಲಕ್ಕೆ ಮೊದಲು ನೂರ ಐವತ್ತು ದಾಟಿದೆವು. ಮಳೆ ಹಿಡಿದ ಮೇಲೆ ರಟ್ಟು ಉಬ್ಬಿ ತೂತುಗಳು ಕಿರಿದಾದವು. ಅಮ್ಮ ಅವನ್ನು ಒಲೆಯ ಮೇಲಿನ ಅಟ್ಟದಲ್ಲಿ ತೆಂಗಿನಕಾಯಿಯ ಜತೆ ಒಣಗಿಸಿ ಕೊಡುತ್ತಿದ್ದಳು. ಅಣ್ಣನ ಧ್ವನಿಯೂ ಕಿರಿದಾಯಿತು. ಉಂಟು ಎನ್ನುವುದು ಒಮ್ಮೊಮ್ಮೆ ಬರೀ ಉಸಿರಾಗಿ ಬರುತ್ತಿತ್ತು. ಕೊನೆಗೆ ಮಾತು ಬಿಟ್ಟು ಬೆರಳೆತ್ತತೊಡಗಿದ. ಬೆರಳು ಎತ್ತಿದರೆ ತೂತು, ಎತ್ತದಿದ್ದರೆ ಇಲ್ಲ.

ಆ ಹೊತ್ತಿಗೆ ನನಗೆ ಕಾರ್ಕಳದ ಕಡೆಯಿಂದ ಒಂದು ಸಂಬಂಧ ಮಾತಾಗಿತ್ತು. ಹುಡುಗ ಅಲ್ಲಿ ಬಟ್ಟೆಯಂಗಡಿಯಲ್ಲಿದ್ದ. ನಾನು ಅವನನ್ನು ಒಮ್ಮೆ ಮಾತ್ರ ನೋಡಿದ್ದೆ, ತಲೆ ಬಗ್ಗಿಸಿಕೊಂಡೇ, ಓರೆಗಣ್ಣಿನಿಂದ. ಆದರೂ ಆ ಒಂದು ಸಲದ ಮೇಲೆ ಬಹಳ ಯೋಚನೆ ಕಟ್ಟಿಕೊಂಡಿದ್ದೆ. ಶುಭಕಾರ್ಯ ಮಾಡದ ಆಟಿ ತಿಂಗಳು ಕಳೆದ ಮೇಲೆ ನಿಶ್ಚಯ ಎಂದಾಗಿತ್ತು. ಅದಕ್ಕೂ ಮೊದಲೇ ಒಂದು ದಿನ ಹುಡುಗನ ಸೋದರಮಾವ ಕೊಡೆ ಹಿಡಿದುಕೊಂಡು ಬಂದರು. ಅಂಗಳದಲ್ಲೇ ನಿಂತರು. ಅಮ್ಮ ಬೆಲ್ಲ, ನೀರು ತಂದಿಟ್ಟಳು. ಅವರು ಮುಟ್ಟಲಿಲ್ಲ. ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು.

"ಹುಡುಗಿಯ ಅಣ್ಣನಿಗೆ ಹುಷಾರಿಲ್ಲ ಅಲ್ವಾ?" ಎಂದು ಕೇಳಿದರು.

"ಕಡಿಮೆ ಆಗ್ತಾ ಉಂಟು," ಅಂದರು ಅಪ್ಪ.

"ಆಗ್ಲಿ. ಕಡಿಮೆ ಆಗ್ಲಿ. ನಮ್ಮದು ಮಕ್ಕಳು ಮರಿ ಇರುವ ಮನೆ." ಅಷ್ಟು ಹೇಳಿ ಕೊಡೆ ಬಿಡಿಸಿಕೊಂಡು ಹೋದರು.

ಆ ಮಧ್ಯಾಹ್ನ ನಾನು ಹಿಂದಿನ ಜಗಲಿಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಎಂಟು ದಿನ ಹೋಗಲಿಲ್ಲ. ಗಂಜಿ ಕೊಡಲು ಅಮ್ಮನೇ ಹೋದಳು. ನಾನು ಮುಂದಿನ ಜಗಲಿಯಲ್ಲಿ ಕಂಡಿಕೆ ಸುತ್ತುತ್ತ, ಇವನು ಬೊಂಬಾಯಿಯಲ್ಲೇ ಇದ್ದಿದ್ದರೆ ಆಗುತ್ತಿರಲಿಲ್ಲವಾ ಎಂದು ಯೋಚಿಸಿದೆ. ಯೋಚಿಸಿದೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಆಗ ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎಂಟು ದಿನ ಬಾರದವಳ ಮನಸ್ಸಿನಲ್ಲಿ ಏನಿದೆ ಎಂದು ಅವನಿಗೆ ತಿಳಿಯದೆ ಇರುತ್ತದೆಯೇ?

ಒಂಬತ್ತನೆಯ ದಿನ ಹೋದಾಗ ಚೌಕುಳಿ ಕಾಗದ ಅವನ ಚಾಪೆಯ ಹತ್ತಿರವಿತ್ತು. ತಾನೇ ಓದಿ ತಾನೇ ಚುಕ್ಕೆ ಹಾಕಲು ನೋಡಿದ್ದ. ಒಂದೂವರೆ ಕಾರ್ಡಿನಷ್ಟು ಆಗಿತ್ತು. ಚುಕ್ಕೆಗಳು ಚೌಕದೊಳಗೆ ನಿಂತಿರಲಿಲ್ಲ.

"ಸಿಟ್ಟು ಹೋಯ್ತಾ?" ಅಂದ.

"ಎಂತ ಸಿಟ್ಟು? ಹಾಸು ಹೂಡ್ಲಿಕ್ಕಿತ್ತು."

ಅವನು ಕಾರ್ಡು ತೆಗೆದುಕೊಂಡು ಬೆರಳೆತ್ತಿದ. ಇನ್ನೂ ಎರಡು ವಾರ ಹಾಗೆ ಮಾಡಿದೆವು. ಇನ್ನೂರ ಮೂವತ್ತೆಂಟನೆಯ ಕಾರ್ಡು ಅವನು ಓದಿದ ಕೊನೆಯದು. ಮರುದಿನ ಬೆಳಿಗ್ಗೆ ಅಮ್ಮ ಬಿಸಿನೀರು ಕೊಂಡುಹೋದಾಗ ಚಾಪೆಯ ಬದಿಯಲ್ಲಿ ರಕ್ತವಿತ್ತು. ಕಂಪೌಂಡರಿಗೆ ಹೇಳಿಕಳಿಸಿ ಅವನು ಬರುವಷ್ಟರಲ್ಲಿ ಮುಗಿದಿತ್ತು. ಸುಡುವುದಕ್ಕೆ ಒಣ ಸೌದೆ ಹೊಂದಿಸಲು ಅಪ್ಪ ನಾಲ್ಕು ಮನೆ ತಿರುಗಿದರು. ಹೆಗಲು ಕೊಡಲು ನಮ್ಮವರೇ ಮೂವರು ಬಂದರು, ಮೂಗಿಗೆ ಬಟ್ಟೆ ಕಟ್ಟಿಕೊಂಡು. ನಾಲ್ಕನೆಯವರು ಅಪ್ಪ.

ಹದಿಮೂರನೆಯ ದಿನದ ಉತ್ತರಕ್ರಿಯೆ, ನಮ್ಮ ಕಡೆಯ ಬೊಜ್ಜ, ಮುಗಿದು, ಬಂದ ಕೆಲವರು ಹೋದ ಮೇಲೆ ಅಪ್ಪ ನನ್ನ ಹತ್ತಿರ ಬಂದು, "ಉಳಿದದ್ದು ನೀನೇ ಓದಿ ಮುಗಿಸ್ಲಿಕ್ಕೆ ಆಗ್ತದಾ?" ಅಂದರು. ಆಗುತ್ತದೆ ಅಂದೆ. ತೂತು ಇದೆಯೋ ಇಲ್ಲವೋ ಎಂದು ನೋಡುವುದು, ಅದರಲ್ಲೇನು ಕಷ್ಟ?

ಮೊದಮೊದಲು ಅಲ್ಲಲ್ಲಿ ಕೆಲವು ಚುಕ್ಕೆ ಮಾತ್ರ ತಪ್ಪಿದ ಹಾಗಿತ್ತು. ಮುನ್ನೂರರ ಹತ್ತಿರದ ಕಾರ್ಡಿಗೆ ಬರುವಾಗ ನನ್ನ ಕಾಗದದಲ್ಲಿ ಕೊಕ್ಕರೆಯೂ ಇಲ್ಲ, ನೀರೂ ಇಲ್ಲ. ಚುಕ್ಕೆಗಳು ಅಕ್ಕಿ ಚೆಲ್ಲಿದ ಹಾಗೆ ಬಿದ್ದಿದ್ದವು. ನಾನೇ ತಪ್ಪು ಓದಿರಬೇಕು ಎಂದು ಮತ್ತೆ ಓದಿದೆ. ಕಾರ್ಡಿನಲ್ಲಿ ಇದ್ದದ್ದೇ ಹಾಗೆ. ತೂತಿನ ಅಂಚು ಹರಿದಿತ್ತು. ಕೆಲವು ಕಡೆ ಎರಡು ತೂತು ಸೇರಿ ಒಂದಾಗಿದ್ದವು. ಉಳಿ ಜಾರಿದ ಗೀರುಗಳು ರಟ್ಟಿನ ಮೇಲೆ ಹಾಗೇ ಇದ್ದವು.

ಹಿಂದೆ ಹಿಂದೆ ಹೋಗಿ ನೋಡುತ್ತ ಬಂದೆ. ಇನ್ನೂರ ಮೂವತ್ತೆಂಟರೊಳಗಿನ ಕಾರ್ಡುಗಳನ್ನೂ ತೆಗೆದೆ, ಅವನು ನನಗೆ ಓದಿ ಹೇಳಿದವನ್ನು. ಅವನು ಉಂಟು ಎಂದಲ್ಲಿ ತೂತೇ ಇರಲಿಲ್ಲ. ಇಲ್ಲ ಎಂದಲ್ಲಿ ತೂತಿತ್ತು. ಒಂದೆರಡಲ್ಲ. ನೂರ ಎಪ್ಪತ್ತರಿಂದ ಈಚೆಗೆ ಪ್ರತಿ ಕಾರ್ಡಿನಲ್ಲೂ ಇಂಥ ತಪ್ಪಿತ್ತು. ನನ್ನ ಕಾಗದದಲ್ಲಿ ಮಾತ್ರ ಕೊಕ್ಕರೆಯ ಕಾಲು, ಕೊಕ್ಕು, ಗರಿ ಎಲ್ಲ ಸರಿಯಾಗಿದ್ದವು. ಅವನು ಕಾರ್ಡು ನೋಡಿ ಓದುತ್ತಿರಲಿಲ್ಲ. ತಪ್ಪಿದ್ದ ಕಾರ್ಡನ್ನು ಮುಖದ ಮುಂದೆ ಹಿಡಿದುಕೊಂಡು, ತಲೆಯಲ್ಲಿದ್ದುದನ್ನು ನನಗೆ ಹೇಳುತ್ತಿದ್ದ.

ಅಂಚಿನ ಪೆನ್ಸಿಲ್ ಗುರುತು ನೋಡಿದೆ. ನೂರ ಎಪ್ಪತ್ತನೆಯದನ್ನು ಕೊರೆದದ್ದು ಅವನು ಊರಿಗೆ ಬರುವುದಕ್ಕೆ ಹದಿನಾಲ್ಕು ತಿಂಗಳು ಮೊದಲು. ಆ ತಿಂಗಳ ಕಾಗದ ನನಗೆ ನೆನಪಿತ್ತು. ಇಲ್ಲಿ ಕೋಳಿಮೊಟ್ಟೆ ತಿಂದು ದಪ್ಪ ಆಗಿದ್ದೇನೆ, ನೋಡಿದರೆ ಗುರುತು ಸಿಗಲಿಕ್ಕಿಲ್ಲ ಎಂದು ಬರೆದಿದ್ದ. ಅಮ್ಮ ಅದನ್ನು ಎರಡು ಸಲ ಓದಿಸಿ ಕೇಳಿದ್ದಳು.

ಅಪ್ಪನನ್ನು ಕರೆದು ತೋರಿಸಿದೆ. ಅವರು ಒಂದೊಂದೇ ಕಾರ್ಡು ಬೆರಳಿನಿಂದ ತಡವಿ ನೋಡಿದರು.

"ರಜೆ ಹಾಕಿ ಬಂದದ್ದಲ್ಲ ಅವನು," ಅಂದರು. "ಹೀಗೆ ಕೊರೆಯುವವನನ್ನು ಯಾವ ಮಿಲ್ಲಿನವರೂ ಒಂದು ದಿನ ಇಟ್ಟುಕೊಳ್ಳುವುದಿಲ್ಲ. ಬಿಡಿಸಿದ್ದಾರೆ."

ನಾನು ಕೇಳಿದೆ, "ಮುಂದಿನದು ಎಂತ ಮಾಡುವುದು? ಊಹೆ ಮಾಡಿ ಸರಿ ಮಾಡ್ಲಾ?"

"ನಿನಗೆ ಗೊತ್ತುಂಟಾ ಅವನಿಗೆ ಎಂತ ಬೇಕಿತ್ತು ಅಂತ?"

"ಇಲ್ಲ."

"ಹಾಗಾದ್ರೆ ಅಲ್ಲಿಗೇ ನಿಲ್ಲಿಸು."

ಮುನ್ನೂರ ಅರವತ್ತರಲ್ಲಿ ನಾವು ನೇಯ್ದದ್ದು ಇನ್ನೂರ ಮೂವತ್ತೆಂಟು. ಅಂಚಿಗೆ ಅದೇ ಸರ ಮತ್ತೆ ಮತ್ತೆ ತಿರುಗಿತು. ಸೆರಗಿನ ಹತ್ತಿರ ಬೇರೆಯಾಗಬೇಕಿದ್ದ ಚಿತ್ತಾರ ಇರಲಿಲ್ಲ. ಅಪ್ಪ ಅಲ್ಲಿ ಬರೀ ಪಟ್ಟೆ ಹಾಕಿದರು. ಜಕಾರ್ಡಿನ ದಾರಗಳನ್ನೆಲ್ಲ ಬಿಚ್ಚಿ, ಕೊಕ್ಕೆಗೆ ಎರಡರಂತೆ ನಾನೇ ಕಟ್ಟಿದೆ. ನೀಲಿ ಮೈ, ಕೆಂಪು ಅಂಚು, ಬಿಳಿ ಕೊಕ್ಕರೆ. ಅಪ್ಪ ಒಂಬತ್ತು ದಿನ ನೇಯ್ದರು. ಆ ಒಂಬತ್ತು ದಿನ ಅಮ್ಮ ಮುಂದಿನ ಜಗಲಿಗೆ ಕಾಲಿಡಲಿಲ್ಲ.

ಸೀರೆ ಮಡಚಿಕೊಂಡು ಅಪ್ಪ ಮತ್ತು ನಾನು ಬಸ್ಸಿನಲ್ಲಿ ಉಡುಪಿಗೆ ಹೋದೆವು. ಸೊಸೈಟಿಯ ಮೇಸ್ತ್ರಿ ಅದನ್ನು ಮೇಜಿನ ಮೇಲೆ ಹರಡಿ ಅಂಚು ನೋಡಿ, "ಅರೆ, ಇದು ನಮ್ಮ ನೂರರ ಜಕಾರ್ಡಿನಲ್ಲಿ ಬಂದದ್ದಾ?" ಎಂದು ಕಣ್ಣರಳಿಸಿದರು. ಆಮೇಲೆ ಏನೋ ನೆನಪಾದವರ ಹಾಗೆ ಕೈ ಹಿಂದೆ ತೆಗೆದುಕೊಂಡರು.

"ಇದು ಆ ನಿಮ್ಮ ಮಗ..."

"ಹೌದು," ಅಂದರು ಅಪ್ಪ.

"ಬಟ್ಟೆ ಒಳ್ಳೆದುಂಟು. ನನಗೇನಿಲ್ಲ. ಆದರೆ ಜನ ಮಾತಾಡ್ತಾರೆ. ಒಂದು ಸೀರೆಯಿಂದ ಉಳಿದ ಸೀರೆಗಳಿಗೆ ಹೆಸರು ಬಂದರೆ..." ಮಾತು ಮುಗಿಸದೆ, ಅಳತೆ ಕೋಲಿನ ತುದಿಯಿಂದ ಸೀರೆಯನ್ನು ನಮ್ಮ ಕಡೆಗೆ ಸರಿಸಿದರು.

ಅಪ್ಪ ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಮನೆಗೆ ಬಂದು ಅಣ್ಣನ ಚಾಪೆ, ದಿಂಬಿನ ಜತೆ ಸುಡದೆ ಉಳಿಸಿಕೊಂಡಿದ್ದ ಬೊಂಬಾಯಿಯ ಕಾರ್ಡುಗಳನ್ನು ತೆಗೆದು ಬಚ್ಚಲ ಒಲೆಗೆ ಹಾಕಿದರು. ನಾನು ತಡೆಯಲಿಲ್ಲ. ಗಟ್ಟಿ ರಟ್ಟು, ಚೆನ್ನಾಗಿ ಉರಿಯಿತು. ಆ ಬೆಂಕಿಯಲ್ಲಿ ಕಾದ ನೀರಿನಲ್ಲಿ ಮೂವರೂ ಮಿಂದೆವು.

ಮರುವರ್ಷ ಅಮ್ಮನಿಗೆ ಸಂಜೆ ಹೊತ್ತು ಜ್ವರ ಬರತೊಡಗಿತು. ಈ ಸಲ ನಾವು ಕಾಯಲಿಲ್ಲ. ನಾನೇ ಕರೆದುಕೊಂಡು ಮಣಿಪಾಲದ ಗುಡ್ಡೆ ಹತ್ತಿ ಆಸ್ಪತ್ರೆಗೆ ಹೋದೆ. ಎದೆಯ ಫೋಟೋ ತೆಗೆದು, ಒಂದು ಬದಿಗೆ ಹಿಡಿದಿದೆ, ಸಣ್ಣದು, ಗುಣವಾಗುತ್ತದೆ ಅಂದರು. ಒಂದೂವರೆ ವರ್ಷ ಮಾತ್ರೆ, ಇಂಜೆಕ್ಷನ್. ಅಮ್ಮ ಗುಣವಾದಳು. ಗುಣವಾದದ್ದಕ್ಕೆ ಅವಳಿಗೆ ಸಂತೋಷವಾಗಲಿಲ್ಲ. ಆಸ್ಪತ್ರೆಯಿಂದ ಬರುತ್ತ ಬಸ್ಸಿನಲ್ಲಿ ಒಮ್ಮೆ, "ಅವನಿಗೂ ಸಣ್ಣದಿರುವಾಗ ಹಿಡಿದಿದ್ದರೆ ಹೋಗ್ತಿತ್ತು ಅಲ್ವಾ?" ಎಂದು ಕೇಳಿದಳು. ಹೋಗುತ್ತಿತ್ತು ಎಂದೇ ಡಾಕ್ಟರು ಹೇಳಿದ್ದರು. ನಾನು ಗೊತ್ತಿಲ್ಲ ಅಂದೆ.

ಅಮ್ಮನಿಗೆ ಮಾತ್ರೆ ನಡೆಯುತ್ತಿದ್ದಾಗಲೇ ಸೊಸೈಟಿಯ ಮೇಸ್ತ್ರಿ ನಮ್ಮ ಅಂಗಳಕ್ಕೆ ಬಂದರು. ಕೈಯಲ್ಲಿ ಸೇಲಂನಿಂದ ತರಿಸಿದ ಕಾರ್ಡಿನ ಕಟ್ಟು. ಹೊಸ ಚಿತ್ತಾರವಂತೆ, ನಮ್ಮ ಕಡೆಯ ಯಾವ ಜಕಾರ್ಡಿಗೂ ಕೂರುವುದಿಲ್ಲವಂತೆ. ಉಡುಪಿಯಿಂದ ಕಾಪುವಿನವರೆಗೆ ಅದನ್ನು ನಮ್ಮ ಅಳತೆಗೆ ತರಬಲ್ಲವರು ಬೇರೆ ಯಾರೂ ಇಲ್ಲ ಎಂದರು. ಅಪ್ಪ ಒಳಗೆ ಎದ್ದುಹೋದರು. ನಾನು ಕಟ್ಟನ್ನು ತೆಗೆದುಕೊಂಡೆ. ತೆಗೆದುಕೊಳ್ಳಬಾರದಿತ್ತು ಎಂದು ಕೆಲವರು ಈಗಲೂ ಹೇಳುತ್ತಾರೆ. ಆದರೆ ಕಾರ್ಕಳದ ನಂತರ ಬೇರೆ ಸಂಬಂಧ ಬಂದಿರಲಿಲ್ಲ, ಬರುವ ಹಾಗೂ ಕಾಣಲಿಲ್ಲ. ನನಗೆ ಬರುತ್ತಿದ್ದ ಒಂದು ಕೆಲಸ ಅದು.

ಮುಂದೆ ಹಲವು ವರ್ಷ ಸೊಸೈಟಿಯ ಹಿಂದಿನ ಕೋಣೆಯಲ್ಲಿ ಕಿಟಕಿಯ ಬಳಿ ಕೂತು ಊರೂರಿನ ಕಾರ್ಡುಗಳನ್ನು ನಮ್ಮ ಮಗ್ಗಗಳ ಅಳತೆಗೆ ಕೊರೆದೆ. ಆ ನೀಲಿ ಸೀರೆಯನ್ನು ಅಮ್ಮ ಪೆಟ್ಟಿಗೆಯಲ್ಲೇ ಇಡಬೇಕು ಎನ್ನುತ್ತಿದ್ದಳು. ನಾನು ಕೇಳಲಿಲ್ಲ. ಕೆಲಸಕ್ಕೆ ಉಟ್ಟುಕೊಂಡು ಹೋಗುತ್ತಿದ್ದೆ, ವಾರಕ್ಕೆರಡು ಸಲ, ಒಗೆದು ಒಣಗಿಸಿ ಮತ್ತೆ. ಅಂಚು ಗಟ್ಟಿ ಇತ್ತು. ಸೀರೆಯ ಮೈ ನಾಲ್ಕು ವರ್ಷ ಬಾಳಿಕೆ ಬಂತು.